ಮೇ ತಿಂಗಳ ಕೆರೆ: ಮೊಮ್ಮಗಳಿಗೆ ಕಿವಿಮಾತು

ಪುಟ್ಟೀ, ಬೇಸಿಗೆ ಮುಗಿಯುವ ಹೊತ್ತಿಗೆ ಕೆರೆಯಲ್ಲಿ ಏನಿರುತ್ತೆ ಅಂತ ಮೂಗು ಮುರಿಯಬೇಡ. ಚಳಿಗಾಲಕ್ಕೆ ಹದಿನಾರು ಎಂಬ ಊರಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆ ಹೋಗಿಬಿಟ್ಟಿವೆ, ನಿಜ. ಆದರೆ ನೆಂಟರು ಹೊರಟ ಮೇಲೆಯೇ ಮನೆಯವರ ಮುಖ ನೋಡಲು ಪುರಸೊತ್ತು ಸಿಗುವುದು. ಮೈಸೂರಿನ ಸುತ್ತ ಯಾವ ಕೆರೆಗೆ ಹೋದರೂ ಇಷ್ಟು ನೆನಪಿರಲಿ.

• ಬೆಳಕು ಹರಿಯುವಾಗಲೇ ಏರಿ ಮೇಲಿರು. ಎಂಟೂವರೆ ದಾಟಿದರೆ ನೀರಿನ ಮೇಲೆ ಝಳ ಏಳುತ್ತೆ. ಎಂಥ ದುರ್ಬೀನಿನಲ್ಲೂ ಹಕ್ಕಿ ಕದಡಿದಂತೆ ಕಾಣುತ್ತೆ.

• ಮೂಡಣ ದಡದಲ್ಲಿ ನಿಲ್ಲು, ಬಿಸಿಲು ಬೆನ್ನಿಗಿರಲಿ. ಎದುರು ಬಿಸಿಲಿಗೆ ನೀರುಕಾಗೆಯೂ ಕಪ್ಪೇ, ನೇರಳೆ ಜಂಬುಕೋಳಿಯೂ ಕಪ್ಪೇ.

• ದುರ್ಬೀನು 8×42 ಸಾಕು. ಹತ್ತು ಪಟ್ಟಿನದು ಬೇಕೆಂದು ಅಪ್ಪನ ಹತ್ತಿರ ಹಟ ಮಾಡಬೇಡ. ಹಕ್ಕಿಯ ಜೊತೆ ಕೈನಡುಕವೂ ಹತ್ತು ಪಟ್ಟಾಗುತ್ತೆ.

• ನೀರು ಹಿಂದೆ ಸರಿದು ಬಿಟ್ಟ ಕೆಸರಂಚು ನೋಡು. ಮೆಟ್ಟುಗಾಲು ಹಕ್ಕಿಗಳು ಅಲ್ಲೇ ಹುಳ ಹೆಕ್ಕುತ್ತಿರುತ್ತವೆ. ನೀನು ಮಾತ್ರ ಅಲ್ಲಿಗೆ ಇಳಿಯಬೇಡ. ಮೇಲೆ ಬಿರುಕುಬಿಟ್ಟ ಒಣಮಣ್ಣು, ಒಳಗೆ ಮೊಣಕಾಲುದ್ದ ಹೂಳು. ಗೋಡು ತೆಗೆದ ಗುಂಡಿಗಳೂ ಇರುತ್ತವೆ.

• ಟಿಟ್ಟಿಭ ತಲೆಯ ಮೇಲೆ ಕಿರುಚುತ್ತಾ ಎರಗಿ ಬಂತೆಂದರೆ ಅಲ್ಲೇ ನಿಂತು ಕಾಲಡಿ ನೋಡು. ಅದಕ್ಕೆ ಗೂಡೆಂದರೆ ಬಯಲಿನಲ್ಲೊಂದು ತಗ್ಗು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮಣ್ಣು ಕಲ್ಲಿನದೇ ಬಣ್ಣ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬಾ. ನೀನು ಅಲ್ಲೇ ನಿಂತಷ್ಟೂ ಹೊತ್ತು ಮೊಟ್ಟೆ ಬಿಸಿಲಿಗೆ ಕಾಯುತ್ತೆ. ದೂರದಿಂದ ತಾಳ್ಮೆಯಾಗಿ ನೋಡಿದರೆ ತಾಯಿಯೋ ತಂದೆಯೋ ಹೊಟ್ಟೆಯ ಗರಿ ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದು ಕಾಣಬಹುದು. ನನ್ನ ಕೇಳಿದರೆ, ಹೆಬ್ಬಾತಿನ ಹಿಂಡಿಗಿಂತ ಇದು ದೊಡ್ಡ ನೋಟ.

• ಕೊಳದ ಬಕ ಈಗ ಗುರುತೇ ಸಿಗದು. ಮಣ್ಣುಬಣ್ಣದ ಗೀರು ಹೋಗಿ ಬೆನ್ನು ಕಡುಗೆಂಪಾಗಿರುತ್ತೆ, ಮರಿ ಮಾಡುವ ಕಾಲ. ಹೊಸ ಹಕ್ಕಿ ಸಿಕ್ಕಿತೆಂದು ಕುಣಿಯುವ ಮುಂಚೆ ಹಾರುವುದನ್ನು ಕಾಯಿ: ರೆಕ್ಕೆ ಅಚ್ಚ ಬಿಳಿ.

• ನೀರಿನಿಂದ ಬರೀ ಕತ್ತು ಮೇಲೆದ್ದರೆ ಹಾವಕ್ಕಿ. ಬೆನ್ನೂ ಒಂಚೂರು ಕಂಡು, ಕೊಕ್ಕಿನ ತುದಿ ಕೊಂಡಿಯಾಗಿದ್ದರೆ ನೀರುಕಾಗೆ.

• ಗೂಡಿನ ಫೋಟೋಗೆ ಎಲೆ ಸರಿಸಬೇಡ, ಮೊಟ್ಟೆ ಕದಿಯಲು ಕಾಗೆ ನೋಡ್ತಿರುತ್ತೆ. ಮೊಬೈಲಿನಲ್ಲಿ ಹಕ್ಕಿಕೂಗು ಹಾಕಿ ಕರೆಯುವುದಂತೂ ಕೂಡದು.

• ತೇಜಸ್ವಿಯವರ ‘ಹಕ್ಕಿಪುಕ್ಕ’ ಮನೆಯಲ್ಲಿ ಓದಿಕೋ. ಕೆರೆಯ ಹತ್ತಿರ ಪುಸ್ತಕ ಬಿಚ್ಚಿದರೆ ಹಕ್ಕಿ ಹಾರಿಹೋಗಿರುತ್ತೆ. ಪುಟಾಣಿ ನೋಟ್‌ಬುಕ್ಕು ಸಾಕು. ಕೊಕ್ಕು, ಕಾಲು, ಗಾತ್ರ ಗೀಚಿಕೋ.

• ಹಕ್ಕಿ ಎಣಿಕೆಯ ಇ-ಬರ್ಡ್ ತಾಣಕ್ಕೆ ಪಟ್ಟಿ ಹಾಕುವಾಗ ಕಾಗೆ, ಗೊರವಂಕವನ್ನೂ ಎಣಿಸಿ ಹಾಕು. ಗೊತ್ತಾಗದ್ದನ್ನು ‘ಯಾವುದೋ ಬಕ’ ಎಂದೇ ಬರಿ. ಅಪರೂಪದ್ದನ್ನಷ್ಟೇ ಆರಿಸಿ ಬರೆದ ಪಟ್ಟಿಯಿಂದ ನಮ್ಮ ಕೆರೆಯಲ್ಲಿ ಯಾವ ಹಕ್ಕಿ ಕಮ್ಮಿಯಾಗ್ತಿದೆ ಅಂತ ಯಾರಿಗೂ ತಿಳಿಯೋದಿಲ್ಲ.