ನೀರಿಗೆ ಹಣವೋ, ಕೊಳವೆಗೆ ಹಣವೋ

ಕೋಲಾರ, ತುಮಕೂರು ಸೀಮೆಗಳ ಬಯಲುನಾಡಿನಲ್ಲಿ ಗ್ರಾಮೀಣ ನೀರು ಸರಬರಾಜಿನ ಎಂಜಿನಿಯರನಾಗಿ ಉದ್ಯೋಗಜೀವನದ ಬಹುಭಾಗವನ್ನು ಕಳೆದವನಾದ ನಾನು, ಊರಿಗೆ ನೀರು ತರುವ ವಿದ್ಯೆಯಲ್ಲಿ ಕಾಲೇಜಿಗಿಂತ ಹೆಚ್ಚಿನದನ್ನು ಟೆಂಡರು ಪತ್ರಗಳಿಂದ ಕಲಿತೆನೆಂದು ಹೇಳಿದರೆ, ಓದುಗರು ಅದನ್ನು ವಿನೋದದ ಮಾತೆಂದು ಭಾವಿಸಬಾರದು. ಕೊಳವೆಯ ವ್ಯಾಸ, ಪಂಪಿನ ಶಕ್ತಿ, ಮೇಲ್ತೊಟ್ಟಿಯ ಎತ್ತರ, ಇವೆಲ್ಲ ಲೆಕ್ಕಕ್ಕೆ ಸಿಕ್ಕುವ ಸಂಗತಿಗಳು, ತಪ್ಪಿದ್ದರೆ ತಿದ್ದಿಕೊಳ್ಳಬಹುದು. ಆದರೆ ಗುತ್ತಿಗೆದಾರನಿಗೆ ಯಾವ ಕೆಲಸಕ್ಕೆ, ಯಾವ ಹಂತದಲ್ಲಿ, ಎಷ್ಟು ಹಣ ಸಲ್ಲತಕ್ಕದ್ದೆಂದು ಕರಾರಿನಲ್ಲಿ ಒಮ್ಮೆ ಬರೆದುಬಿಟ್ಟ ಮೇಲೆ, ಆ ಯೋಜನೆಯ ಮುಂದಿನ ಚರಿತ್ರೆಯೆಲ್ಲವೂ, ಅದರ ಸೋರಿಕೆ ವ್ಯಾಜ್ಯಗಳ ಸಮೇತ, ಆ ಪುಟದಲ್ಲಿಯೇ ಬರೆದಂತಾಯಿತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟೆಂಡರು ಪೆಟ್ಟಿಗೆಯೆಂಬ ತಗಡಿನ ಡಬ್ಬಿಯೊಂದು ಕಚೇರಿಯ ಪಡಸಾಲೆಯಲ್ಲಿ ಬೀಗಮುದ್ರೆ ಸಹಿತವಾಗಿ ವಿರಾಜಿಸುತ್ತಿದ್ದಿತು. ಬಲಿಷ್ಠರಾದ ನಾಲ್ಕಾರು ಮಂದಿ ಅದರ ಸುತ್ತ ನಿಂತು, ತಮಗೆ ಬೇಡವಾದವರು ಅತ್ತ ಸುಳಿಯದಂತೆ ನೋಡಿಕೊಳ್ಳುತ್ತಿದ್ದರು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕುರಿತ 1999ರ ಅಧಿನಿಯಮವು, ಕಚೇರಿಯ ಬಾಯಲ್ಲಿ ಕೆಟಿಪಿಪಿ ಎನ್ನಿಸಿಕೊಂಡಿರುವುದು, ಪ್ರಕಟಣೆಗೆ ಕಾಲಾವಧಿಯನ್ನೂ ಮೌಲ್ಯಮಾಪನಕ್ಕೆ ಕ್ರಮವನ್ನೂ ವಿಧಿಸಿತು. ಅನಂತರ ಇ-ಪ್ರೊಕ್ಯೂರ್‌ಮೆಂಟ್ ಬಂದು ಡಬ್ಬಿಯನ್ನು ಉಗ್ರಾಣಕ್ಕೆ ಕಳುಹಿಸಿತು. ಇವುಗಳಿಂದ ಉಪಕಾರವಾಗಲಿಲ್ಲವೆನ್ನುವವನು ಆ ಪಡಸಾಲೆಯನ್ನು ಕಂಡವನಲ್ಲ. ಆದರೂ ಇವು ಕಾಯುವುದು ಗುತ್ತಿಗೆದಾರನು ಒಳಗೆ ಬರುವ ಬಾಗಿಲನ್ನು ಮಾತ್ರ. ಒಳಗೆ ಬಂದವನಿಗೆ ಹಣವನ್ನು ಏತಕ್ಕಾಗಿ ಎಣಿಸಿಕೊಡಬೇಕೆಂಬ ಪ್ರಶ್ನೆ ಬೇರೆಯದು. ಅದನ್ನು ಕುರಿತು ನಮ್ಮ ಕಚೇರಿಗಳಲ್ಲಿ ನಡೆಯುವ ಆಲೋಚನೆ ಅತ್ಯಲ್ಪ.

ವಾಡಿಕೆಯ ಕ್ರಮವೆಂದರೆ ಐಟಂ ದರದ ಗುತ್ತಿಗೆ. ಅಗೆತಕ್ಕೆ ಘನಮೀಟರಿಗಿಷ್ಟು, ಕೊಳವೆಗೆ ಮೀಟರಿಗಿಷ್ಟು, ವಾಲ್ವಿಗೆ ಒಂದಕ್ಕಿಷ್ಟು ಎಂದು ಎಸ್‌ಆರ್ ಎಂಬ ಸರ್ಕಾರಿ ದರಪಟ್ಟಿಯನ್ನನುಸರಿಸಿ ಅಂದಾಜು ತಯಾರಿಸಿ, ಎಲ್ಲರಿಗಿಂತ ಕಡಿಮೆ ಕೂಗಿದ ಎಲ್-ಒನ್‌ಗೆ ಕೆಲಸ ವಹಿಸಿ, ಆಗಿಂದಾಗ್ಗೆ ಅಳೆದು ಎಂಬಿ ಎಂಬ ಅಳತೆಪುಸ್ತಕದಲ್ಲಿ ನಮೂದಿಸಿ ಬಿಲ್ಲು ಮಾಡುವುದು. ನೋಡುವುದಕ್ಕೆ ಇದಕ್ಕಿಂತ ನ್ಯಾಯವಾದುದಿಲ್ಲ: ಮಾಡಿದಷ್ಟಕ್ಕೆ ಕೂಲಿ. ಆದರೆ ಒಂದು ಊರಿನಲ್ಲಿ, ಕೊಳವೆಯ ದರದ ಬಹುಪಾಲು ಅದು ಸ್ಥಳಕ್ಕೆ ಬಂದೊಡನೆಯೂ, ಹೂಳಿ ಜೋಡಿಸಿದ ಮೇಲೆ ಇನ್ನೊಂದು ಪಾಲೂ, ಒತ್ತಡದ ಪರೀಕ್ಷೆ ಮುಗಿದ ಮೇಲೆ ಉಳಿದ ಕಿಂಚಿತ್ತೂ ಸಲ್ಲತಕ್ಕದ್ದೆಂಬ ಕರಾರಿನ ಪರಿಣಾಮವನ್ನು ನಾನು ಹತ್ತಿರದಿಂದ ಕಂಡೆನು. ಕಾಮಗಾರಿಯ ಆದೇಶ ಕೈಸೇರಿದ ಕೆಲವೇ ದಿನಗಳಲ್ಲಿ ಲಾರಿಗಳು ಸಾಲುಸಾಲಾಗಿ ಬಂದು ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಪಿವಿಸಿ ಕೊಳವೆಗಳ ರಾಶಿ ಹಾಕಿದುವು, ಬಿಲ್ಲಾಯಿತು, ಗುತ್ತಿಗೆದಾರನು ಇನ್ನೊಂದು ತಾಲ್ಲೂಕಿನಲ್ಲಿ ಇನ್ನೊಂದು ರಾಶಿ ಹಾಕುವುದಕ್ಕೆ ಹೊರಟನು. ಬೇಸಿಗೆಯ ಬಿಸಿಲು ಆ ರಾಶಿಯ ಮೇಲೆ ತಿಂಗಳುಗಟ್ಟಲೆ ಬಿದ್ದಿತು. ಮೇಲಿನ ವರಸೆಯ ಕೊಳವೆಗಳು ಬಣ್ಣ ಕಳೆದು ಸುಣ್ಣದಂತೆ ಬೆಳ್ಳಗಾಗಿದ್ದುವು, ಕೆಳಗಿನವು ಮೊದಲಿನ ಬೂದುಬಣ್ಣದಲ್ಲಿಯೇ ಇದ್ದುವು. ಭಾರಕ್ಕೆ ಸಿಕ್ಕಿದ ಸಾಕೆಟ್ಟುಗಳ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿದ್ದಿತು. ಬಿಸಿಲುಂಡ ಪಿವಿಸಿ ಪೆಡಸಾಗುತ್ತದೆಂಬುದು ಎಲ್ಲ ಎಂಜಿನಿಯರರೂ ಬಲ್ಲ ವಿಷಯ. ಅದೇ ಕೊಳವೆಗಳನ್ನು ಕೊನೆಗೆ ಹೂಳಿದರು. ಪಂಪು ಹಾಕಿದೊಡನೆ ರಸ್ತೆಯಲ್ಲಿ ಅಲ್ಲಲ್ಲಿ ಬುಗ್ಗೆಯೆದ್ದಿತು. ಕರಾರಿನ ಒಂದಕ್ಷರವನ್ನೂ ಯಾರೂ ಮೀರಿರಲಿಲ್ಲ.

ಮುಂದಿನ ಯೋಜನೆಯಲ್ಲಿ ಹಂಚಿಕೆಯನ್ನು ಬದಲಾಯಿಸಿ, ಪರೀಕ್ಷೆಯಲ್ಲಿ ಒತ್ತಡ ನಿಂತ ಮೇಲೆ ಸಲ್ಲುವ ಪಾಲನ್ನು ಗಣನೀಯವಾಗಿ ಹೆಚ್ಚಿಸಿದೆವು. ಕೊಳವೆಗಳು ಕಾಲುವೆ ಅಗೆದ ವೇಗಕ್ಕೆ ಸರಿಯಾಗಿ ಬಂದುವು, ರಾಶಿ ಬೀಳಲಿಲ್ಲ. ಆದರೆ ಇದಕ್ಕೂ ಬೆಲೆ ತೆರಬೇಕಾಯಿತು. ಕೊಳವೆಯ ಕಾರ್ಖಾನೆಯವರು ಸಾಲಕ್ಕೆ ಮಾಲು ಕೊಡುವವರಲ್ಲವಾಗಿ, ಕೈಯಲ್ಲಿ ಬಂಡವಾಳವಿಲ್ಲದ ಸ್ಥಳೀಯ ಸಣ್ಣ ಗುತ್ತಿಗೆದಾರರು ಆ ಟೆಂಡರಿನತ್ತ ತಲೆ ಹಾಕಲಿಲ್ಲ. ಬಂದವರು ದೊಡ್ಡವರು, ಅವರ ದರವೂ ದೊಡ್ಡದು. ಹಣವನ್ನು ತಡೆಹಿಡಿಯುವುದೇ ಸರ್ವರೋಗಕ್ಕೂ ಮದ್ದೆಂದು ಬೋಧಿಸುವ ಲೆಕ್ಕಪರಿಶೋಧಕರು ಈ ಎರಡನೆಯ ಅರ್ಧವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಭೂಗರ್ಭದ ವಿಷಯ ಇನ್ನೂ ತೊಡಕಿನದು. ನಮ್ಮ ಸೀಮೆಯಲ್ಲಿ ಒಂದು ಮೊಳ ಕೆಮ್ಮಣ್ಣಿನ ಕೆಳಗೆ ಏನಿದೆಯೆಂಬುದನ್ನು ಹಾರೆ ಇಳಿಸುವ ತನಕ ಹೇಳಬಲ್ಲವರಿಲ್ಲ. ಐಟಂ ದರದ ಗುತ್ತಿಗೆಯಲ್ಲಿ ಮಣ್ಣಿಗೊಂದು, ಮೆದುಬಂಡೆಗೊಂದು, ಗಟ್ಟಿಬಂಡೆಗೊಂದು ದರವಿರುವ ಕಾರಣ, ಕಾಲುವೆಯ ಅಂಚಿನಲ್ಲಿ ಟೇಪು ಹಿಡಿದು ಕುಳಿತಾಗಲೆಲ್ಲ ಒಂದೇ ಸಂವಾದ. “ಸಾರ್, ಇದು ಗಟ್ಟಿಬಂಡೆ ಸಾರ್, ಚಿಸಲಿಂಗ್ ಮಾಡಿಸಿದೀನಿ” ಎನ್ನುವನು ಮೇಸ್ತ್ರಿ. “ಗುದ್ದಲಿಗೆ ಬರ್ತಾ ಇದೆಯಲ್ಲಪ್ಪ, ಇದೆಲ್ಲಿ ಗಟ್ಟಿಬಂಡೆ?” ಎನ್ನುವನು ಕಿರಿಯ ಎಂಜಿನಿಯರ್. ಅಂದಾಜಿನಲ್ಲಿಲ್ಲದ ಬಂಡೆಗೆ ಹೆಚ್ಚುವರಿ ಐಟಂ ಬರೆದು ಮೇಲಿನವರ ಮಂಜೂರಾತಿಗೆ ಕಳುಹಿಸಿದರೆ, ಅದು ಹಿಂದಿರುಗುವ ವೇಳೆಗೆ ಕಾಲುವೆಯಲ್ಲಿ ಎಕ್ಕದ ಗಿಡ ಬೆಳೆದಿರುತ್ತದೆ. ಈ ಜಂಜಾಟವೇ ಬೇಡವೆಂದು ಅಗೆತವನ್ನೂ ಒಟ್ಟು ಮೊತ್ತದ ಗುತ್ತಿಗೆಗೆ ಕೊಟ್ಟ ಕಡೆ ಏನಾಯಿತೆಂದರೆ, ಬಂಡೆ ಸಿಕ್ಕಿದಲ್ಲೆಲ್ಲ ಕೊಳವೆ ಮೇಲಕ್ಕೆ ಬಂದಿತು. ಮೂರಡಿ ಆಳದಲ್ಲಿರತಕ್ಕದ್ದು ಒಂದಡಿಯಲ್ಲಿ ಮಲಗಿ, ಟ್ರ್ಯಾಕ್ಟರಿನ ಚಕ್ರಕ್ಕೆ ಸಿಕ್ಕಿ ಒಡೆಯಿತು. ಯಾರಿಗೂ ಗೊತ್ತಿಲ್ಲದ ಸಂಗತಿಯ ನಷ್ಟವನ್ನು ಬಡಪಾಯಿಯ ತಲೆಗೆ ಕಟ್ಟಿದರೆ, ಅವನು ಅದನ್ನು ಕೆಲಸದೊಳಗೇ ಅಡಗಿಸಿಡುತ್ತಾನೆ. ಟೆಂಡರು ಕರೆಯುವುದಕ್ಕೆ ಮುಂಚೆ ಕೊಳವೆಯ ಮಾರ್ಗದುದ್ದಕ್ಕೂ ಅಷ್ಟಷ್ಟು ದೂರಕ್ಕೆ ಗುಂಡಿ ತೋಡಿ ನೋಡುವುದು ಅತ್ಯಲ್ಪ ವೆಚ್ಚದ ಕೆಲಸ. ಅಂದಾಜನ್ನು ಮೇಜಿನ ಮೇಲೆಯೇ ಮುಗಿಸುವ ಆತುರದಲ್ಲಿ ಅದನ್ನು ಮಾಡುವವರು ವಿರಳ.

ಒಟ್ಟು ಮೊತ್ತದ ಗುತ್ತಿಗೆ ಎಲ್ಲೆಡೆಯೂ ಕೆಟ್ಟುದೆಂದು ಇದರ ಅರ್ಥವಲ್ಲ. ಮೇಲ್ತೊಟ್ಟಿಯ ವಿಷಯದಲ್ಲಿ ಅದು ಚೆನ್ನಾಗಿಯೇ ಒಪ್ಪುತ್ತದೆ. ಏಕೆಂದರೆ ಇಷ್ಟು ಲೀಟರಿನ, ಇಷ್ಟು ಎತ್ತರದ ತೊಟ್ಟಿಯೆಂದರೆ ವಸ್ತು ಖಚಿತ, ಪರೀಕ್ಷೆಯೂ ಖಚಿತ. ತೊಟ್ಟಿ ತುಂಬಿಸಿ, ಕಾಂಕ್ರೀಟು ನೀರು ಕುಡಿಯುವುದಕ್ಕೆಂದು ಏಳು ದಿನ ಬಿಟ್ಟು, ಮುಂದಿನ ಏಳು ದಿನವೂ ಹೊರಮೈ ಒಣಗಿರತಕ್ಕದ್ದೆಂದು ಭಾರತೀಯ ಮಾನಕ 3370 ವಿಧಿಸುತ್ತದೆ. ಆ ದಿನಗಳಲ್ಲಿ ಮುಂಜಾನೆ ಹೋಗಿ ತೊಟ್ಟಿಯ ತಳದ ದುಂಡುತೊಲೆಯನ್ನು ಕತ್ತೆತ್ತಿ ನೋಡಿದರೆ, ಒದ್ದೆಯ ಒಂದು ಗೆರೆಯಿದ್ದರೂ ಬರಿಗಣ್ಣಿಗೇ ಕಾಣುವುದು, ವಾದಕ್ಕೆ ಎಡೆಯಿಲ್ಲ.

ಬಹುಗ್ರಾಮ ಯೋಜನೆಗಳು ಬಂದ ಮೇಲೆ ಕಟ್ಟಿದವನೇ ಐದು ವರ್ಷ ನಡೆಸತಕ್ಕದ್ದೆಂಬ ಕರಾರು ಬಳಕೆಗೆ ಬಂದಿತು. ನಡೆಸಬೇಕಾದವನು ಕೆಟ್ಟದಾಗಿ ಕಟ್ಟಲಾರನೆಂಬುದು ಅದರ ತತ್ತ್ವ, ತತ್ತ್ವ ಸರಿಯೇ. ಆದರೆ ನಾನು ಕಂಡ ಒಂದೆಡೆ, ನೀರೆತ್ತುವ ಬಾವಿಯಾದ ಜಾಕ್‌ವೆಲ್ಲಿನ ವಿದ್ಯುತ್ತಿನ ಬಿಲ್ಲು ಮಾತ್ರ ಸರ್ಕಾರದ ಲೆಕ್ಕಕ್ಕೆ ಬರೆಯಲ್ಪಟ್ಟಿದ್ದಿತು. ಆದಕಾರಣ ಅಗ್ಗದ, ಹಗಲಿರುಳೂ ವಿದ್ಯುತ್ತನ್ನು ನುಂಗುವ ಪಂಪುಗಳು ಬಂದು ಕುಳಿತುವು; ಟೆಂಡರಿನಲ್ಲಿ ಉಳಿಸಿದ ಹಣ ಬಿಲ್ಲಿನಲ್ಲಿ ಹರಿದುಹೋಯಿತು. ಪಂಪಿನ ಆಯುಷ್ಯದುದ್ದಕ್ಕೂ ತಗಲುವ ವಿದ್ಯುತ್ತಿನ ವೆಚ್ಚವನ್ನು ಸೇರಿಸಿಯೇ ಎಲ್-ಒನ್ ಯಾರೆಂದು ನಿರ್ಣಯಿಸಬೇಕೆಂಬುದು ನನ್ನ ದೃಢಾಭಿಪ್ರಾಯ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಪ್ರಾಯೋಗಿಕ ವಲಯಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಟ್ಟ ಯೋಜನೆಯಲ್ಲಿ, ನಿರ್ವಾಹಕರ ಶುಲ್ಕದ ಒಂದು ಭಾಗವನ್ನು ಗುರಿ ಸಾಧನೆಗೆ ಗಂಟುಹಾಕಿದ್ದರು. ಕೊಳವೆಯ ಉದ್ದಕ್ಕಲ್ಲದೆ ಮನೆ ಮುಟ್ಟಿದ ನೀರಿಗೆ ಹಣ ಸಲ್ಲುವ ಅಂಥ ಕ್ರಮ ನಮ್ಮಲ್ಲಿ ಅಸಾಧ್ಯವಲ್ಲವೆಂಬುದಕ್ಕೆ ಅದು ಸಾಕ್ಷಿ.

ನಮ್ಮವರಿಗೆ ಅದು ಹೊಸದೂ ಅಲ್ಲ. ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿಯೇ ಪಾಲು ಕೊಡುವ ದಶವಂದವನ್ನೂ ಕಟ್ಟುಕೊಡಗೆಯನ್ನೂ ನಮ್ಮ ಶಾಸನಗಳು ಹೇಳುತ್ತವೆ. ಏರಿ ಒಡೆದರೆ, ತೂಬು ಹೂತರೆ, ಕೊಡಗೆಯ ಗದ್ದೆಯೂ ಒಣಗುವುದು. ಎಂಬಿ ಬರೆಯುವ ಅಧಿಕಾರಿ ಆ ಏರ್ಪಾಡಿಗೆ ಬೇಕಾಗಿರಲಿಲ್ಲ.

ಈ ಹಳೆಯ ಬುದ್ಧಿಯ ಎಳೆಯೊಂದನ್ನು ಹಿಡಿದು, ಕೆರೆ ಅಭಿವೃದ್ಧಿಯನ್ನು ಬಳಕೆದಾರರ ಸಂಘಗಳಿಗೇ ವಹಿಸುವ ಪ್ರಯತ್ನ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ನಮ್ಮ ರಾಜ್ಯದಲ್ಲಿ ನಡೆಯಿತು. ಹೂಳು ತಮ್ಮ ಹೊಲಕ್ಕೇ ಹೋಗುವುದೆಂದು ತಿಳಿದಲ್ಲಿ ರೈತರು ತಮ್ಮ ಟ್ರ್ಯಾಕ್ಟರುಗಳಲ್ಲಿ ತಾವೇ ಹೊತ್ತರು. ಅಂಥ ಕಡೆ ಅಳತೆಯ ಜಗಳ ನನ್ನ ಕಿವಿಗೆ ಬೀಳಲಿಲ್ಲ. ಸಂಘದ ಅಧ್ಯಕ್ಷನೇ ತೆರೆಮರೆಯ ಗುತ್ತಿಗೆದಾರನಾಗಿದ್ದ ಊರುಗಳನ್ನೂ ಕಂಡಿದ್ದೇನೆ. ಆದ್ದರಿಂದ ಸಮುದಾಯವೆಂಬ ಪದಕ್ಕೆ ನಾನು ಕೈಮುಗಿಯುವುದಿಲ್ಲ. ತುರ್ತು ಎಂಬ ಹೆಸರಿನಲ್ಲಿ ಟೆಂಡರಿಲ್ಲದೆ ಕೊಡುವ ಕೆಟಿಪಿಪಿಯ 4(ಜಿ) ಕಲಮಿನ ವಿನಾಯಿತಿಯ ವಿಷಯದಲ್ಲಿಯಂತೂ ಹೆಚ್ಚು ಹೇಳಬೇಕಾದುದಿಲ್ಲ: ಪ್ರವಾಹಕ್ಕೆ ಅದು ತಕ್ಕುದು, ಪ್ರತಿ ವರ್ಷವೂ ತಪ್ಪದೆ ಬರುವ ಬೇಸಿಗೆಗೆ ಅಲ್ಲ.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ನಿನಲ್ಲಿ ತಲಾ 55 ಲೀಟರು ನೀರು ಮನೆಯ ನಲ್ಲಿಗೆ ಬರುತ್ತಿದೆಯೆಂದು ದೃಢೀಕರಿಸುವ ಠರಾವನ್ನು ಗ್ರಾಮಸಭೆಯೇ ಮಾಡತಕ್ಕದ್ದೆಂದು ಇಟ್ಟಿದ್ದಾರೆ. ಎಂಜಿನಿಯರನ ಎಂಬಿಗಿಲ್ಲದ ತೂಕ ಈ ಕಾಗದಕ್ಕುಂಟು. ಆದುದರಿಂದ ಗ್ರಾಮಸಭೆಗೆ ಹೋಗುವ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ಕರಾರಿನಲ್ಲಿ ಹಣ ಹಂಚಿಕೆಯಾಗಿರುವ ಪುಟವನ್ನು ಕೇಳಿ ಓದಿಸಿರಿ, ಊರಿನ ಎತ್ತರದ ಕೇರಿಯಲ್ಲಿ, ಕೊಳವೆಯ ಕೊನೆಯ ನಲ್ಲಿಯನ್ನು ಏಪ್ರಿಲ್ ತಿಂಗಳಲ್ಲಿ ತಿರುಗಿಸಿ ನೋಡುವ ತನಕ ಆ ಠರಾವಿಗೆ ರುಜು ಹಾಕಬೇಡಿರಿ.