ಹೊರದೇಶದ ದುಡಿಮೆ, ಊರಿನ ತೆರಿಗೆ: ದಿನಗಳ ಲೆಕ್ಕ ಮನೆಯಲ್ಲೇ ಇರಲಿ



ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಮ್ಮ ಸಂಘಗಳಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲಾ ಲೆಕ್ಕವನ್ನೂ ನಾವೇ ಬರೀತೀವಿ. ಆದರೆ ಗಂಡನೋ, ಮಗನೋ, ಮಗಳೋ ದುಬೈ, ಕುವೈತ್, ಸೌದಿ ಕಡೆ ಕೆಲಸಕ್ಕೆ ಹೋದರೆ ಅವರ ತೆರಿಗೆ ಲೆಕ್ಕ ಯಾರು ಬರೀತಾರೆ? "ಅಲ್ಲಿ ದುಡಿದದ್ದಕ್ಕೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕಾ?", "ಅವರು ಕಳಿಸಿದ ದುಡ್ಡಿಗೆ ನೋಟೀಸು ಬರ್ತದಾ?", "ಬ್ಯಾಂಕಿನವರು ಬಡ್ಡೀಲಿ ಯಾಕೆ ಹಿಡಕೊಂಡ್ರು?" ಇವು ಮೂರೂ ನ್ಯಾಯವಾದ ಪ್ರಶ್ನೆಗಳು. ಈ ಪಾಠದಲ್ಲಿ ಒಂದೊಂದಾಗಿ ನೋಡೋಣ.

1. ಮೊದಲು ದಿನ ಎಣಿಸಬೇಕು

ಆದಾಯ ತೆರಿಗೆಯಲ್ಲಿ 'ನಿವಾಸಿ' ಮತ್ತು 'ಅನಿವಾಸಿ' ಎಂಬ ಎರಡು ಮುಖ್ಯ ಗುಂಪುಗಳಿವೆ. ಯಾವ ಗುಂಪು ಅನ್ನುವುದನ್ನು ರೇಷನ್ ಕಾರ್ಡಾಗಲಿ ಪಾಸ್‌ಪೋರ್ಟಿನ ವಿಳಾಸವಾಗಲಿ ತೀರ್ಮಾನ ಮಾಡುವುದಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ ಆ ವ್ಯಕ್ತಿ ಭಾರತದ ನೆಲದ ಮೇಲೆ ಎಷ್ಟು ದಿನ ಇದ್ದರು ಅನ್ನುವುದೇ ಮುಖ್ಯ. ಪ್ರತಿ ವರ್ಷವೂ ಹೊಸದಾಗಿ ಎಣಿಸಬೇಕು.

ಕೆಲಸಕ್ಕೆಂದು ಹೊರದೇಶಕ್ಕೆ ಹೊರಟ ಭಾರತೀಯರು ಆ ವರ್ಷ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದರೆ ನಿವಾಸಿ, ಕಡಿಮೆ ಇದ್ದರೆ ಅನಿವಾಸಿ. ರಜೆಗೆ ಊರಿಗೆ ಬಂದು ಹೋಗುವವರಿಗೂ ಇದೇ 182 ದಿನ. ಅವರ ಭಾರತದ ಆದಾಯ 15 ಲಕ್ಷ ರೂ. ದಾಟಿದರೆ ಮಾತ್ರ ನಿಯಮ ಬಿಗಿಯಾಗುತ್ತದೆ.

ಉದಾಹರಣೆಗೆ, ಒಬ್ಬರು 2025ರ ಸೆಪ್ಟೆಂಬರ್ 10ಕ್ಕೆ ವಿಮಾನ ಹತ್ತಿದರು ಅನ್ನಿ. ಏಪ್ರಿಲ್ 1ರಿಂದ ಎಣಿಸಿದರೆ 163 ದಿನ. ಅವರು ಆ ವರ್ಷ ಅನಿವಾಸಿ. ಇನ್ನೊಬ್ಬರು ಅಕ್ಟೋಬರ್ 10ಕ್ಕೆ ಹೊರಟರು, 193 ದಿನ ಆಯಿತು. ಅವರು ನಿವಾಸಿ. ಅಂದರೆ ಮಾರ್ಚ್‌ವರೆಗೆ ಅಲ್ಲಿ ಸಿಕ್ಕ ಸಂಬಳವನ್ನೂ ಇಲ್ಲಿಯ ಲೆಕ್ಕಕ್ಕೆ ಸೇರಿಸಬೇಕು. ಒಂದೇ ತಿಂಗಳ ವ್ಯತ್ಯಾಸ! ಹೊರಟ ದಿನ, ಬಂದ ದಿನ ಎರಡನ್ನೂ ಇಲ್ಲಿದ್ದ ದಿನವೆಂದೇ ಎಣಿಸಿಕೊಳ್ಳುವುದು ಕ್ಷೇಮ.

1961ರ ಕಾಯ್ದೆಯ ಜಾಗಕ್ಕೆ ತಂದ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ. ಅದರಲ್ಲೂ 182 ದಿನದ ಲೆಕ್ಕ ಹಾಗೇ ಇದೆ.

2. ಲೆಕ್ಕ ತಪ್ಪಿಸುವ ಕಷ್ಟಕಾಲ

ನಮ್ಮ ಜಿಲ್ಲೆಯ ಹುಣಸೂರು ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಆಫ್ರಿಕಾದವರೆಗೂ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಅವರಲ್ಲಿ ಹಲವರು ಅಲ್ಲಿ ಸಿಕ್ಕಿಹಾಕಿಕೊಂಡರು. ಸರ್ಕಾರ 'ಆಪರೇಷನ್ ಕಾವೇರಿ' ಹೆಸರಿನಲ್ಲಿ ಭಾರತೀಯರನ್ನು ಕರೆತಂದಿತು. ಇದರಿಂದ ನಾವು ಎರಡು ವಿಷಯ ತಿಳಿಯಬೇಕು. ಸಂಬಳದ ಕೆಲಸಕ್ಕೆ ಮಾತ್ರವಲ್ಲ, ಸ್ವಂತ ವ್ಯಾಪಾರಕ್ಕೆ ಹೋದವರಿಗೂ 182 ದಿನದ ನಿಯಮ ಸಲ್ಲುತ್ತದೆ ಎಂದು ಕೇರಳ ಹೈಕೋರ್ಟ್ ಹೇಳಿದೆ. ಎರಡನೆಯದು, ಜೀವ ಉಳಿಸಿಕೊಂಡು ಬರುವಾಗ ಕಾಗದಪತ್ರ ಯಾರು ಹುಡುಕ್ತಾರೆ? ಆದ್ದರಿಂದ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ನಕಲು ಮೊದಲೇ ಮನೆಯಲ್ಲಿರಬೇಕು.

ಕೋವಿಡ್ ಕಾಲದಲ್ಲೂ ರಜೆಗೆ ಬಂದವರು ವಾಪಸು ಹೋಗಲಾಗಲಿಲ್ಲ. 2020ರ ಮೇ 8ರ ಸುತ್ತೋಲೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಅಂಥವರಿಗೆ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಬಿಟ್ಟುಕೊಟ್ಟಿತು. ಮುಂದಿನ ವರ್ಷಕ್ಕೆ ಎಲ್ಲರಿಗೂ ಅಂಥ ರಿಯಾಯಿತಿ ಸಿಗಲಿಲ್ಲ. ನಮ್ಮ ಕೈಮೀರಿ ಉಳಿದ ದಿನವೂ ಲೆಕ್ಕಕ್ಕೆ ಬರಬಹುದು ಅಂತ ಇದರಿಂದ ಗೊತ್ತಾಗುತ್ತದೆ.

3. ಯಾವುದಕ್ಕೆ ತೆರಿಗೆ ಇದೆ, ಯಾವುದಕ್ಕೆ ಇಲ್ಲ?

• ಅನಿವಾಸಿ ಹೊರದೇಶದಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ.
• ಅವರ ಹೆಸರಿನಲ್ಲಿ ಇಲ್ಲಿರುವ ಮನೆ ಬಾಡಿಗೆ, ಬ್ಯಾಂಕ್ ಬಡ್ಡಿ, ಸೈಟು ಮಾರಿದ ಲಾಭಕ್ಕೆ ತೆರಿಗೆ ಉಂಟು.
• ಇಲ್ಲಿಯ ಜಮೀನಿನ ಭತ್ತ, ಕಬ್ಬು, ಬಾಳೆಯ ವ್ಯವಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ.
• ಗಂಡ ಹೆಂಡತಿಗೆ, ಮಕ್ಕಳು ತಾಯಿಗೆ ಕಳಿಸಿದ ದುಡ್ಡಿಗೆ, ಎಷ್ಟೇ ಇರಲಿ, ಪಡೆದವರು ತೆರಿಗೆ ಕಟ್ಟಬೇಕಿಲ್ಲ. ಆದರೆ ಗಂಡ ಕೊಟ್ಟ ಹಣವನ್ನು ಹೆಂಡತಿ ಠೇವಣಿ ಇಟ್ಟರೆ, ಅದರ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ದೊಡ್ಡ ಮಕ್ಕಳು ತಾಯಿಗೆ ಕೊಟ್ಟ ಹಣಕ್ಕೆ ಈ ನಿಯಮ ಇಲ್ಲ, ಆ ಬಡ್ಡಿ ತಾಯಿಯದೇ.

4. ಬ್ಯಾಂಕಿನಲ್ಲಿ ಹಿಡಿದ ಹಣ

ಕೆಲಸಕ್ಕೆ ಹೊರದೇಶಕ್ಕೆ ಹೋದವರು ತಮ್ಮ ಹಳೆಯ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆ ಮಾಡಿಸಬೇಕು. ಊರಿನ ಬಾಡಿಗೆ, ಹಳೆಯ ಠೇವಣಿ ಇದರಲ್ಲಿರುತ್ತದೆ. ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ ತೆರೆಯಬಹುದು. ಅನಿವಾಸಿಯಾಗಿರುವವರೆಗೆ ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ.

ಎನ್‌ಆರ್‌ಒ ಬಡ್ಡಿಯಲ್ಲಿ ಮಾತ್ರ ಬ್ಯಾಂಕು ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಹಿಡಿಯುತ್ತದೆ. ಮೂರು ಲಕ್ಷದ ಠೇವಣಿಗೆ ಶೇ. 7ರಂತೆ ವರ್ಷಕ್ಕೆ 21,000 ರೂ. ಬಡ್ಡಿ ಬಂದರೆ 6,552 ರೂ. ಕಡಿತವಾಗುತ್ತದೆ. ಅವರಿಗೆ ಇಲ್ಲಿ ಬೇರೆ ಆದಾಯವೇ ಇಲ್ಲದಿದ್ದರೆ ಇಷ್ಟೂ ಹಣ ವಾಪಸು ಸಿಗಬೇಕಾದದ್ದು. ಆದರೆ ರಿಟರ್ನ್ ಸಲ್ಲಿಸಿ ಕೇಳಿದರೆ ಮಾತ್ರ. ಕೇಳದಿದ್ದರೆ ಸರ್ಕಾರ ತಾನಾಗಿ ಮನೆಗೆ ತಂದು ಕೊಡುವುದಿಲ್ಲ. ಅವರ ಹೆಸರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರರೂ ತೆರಿಗೆ ಹಿಡಿದು ಕಟ್ಟಬೇಕು ಎಂಬುದು ನೆನಪಿರಲಿ.

5. ರಿಟರ್ನ್ ಯಾವಾಗ ಸಲ್ಲಿಸಬೇಕು?

ಹೊಸ ತೆರಿಗೆ ಪದ್ಧತಿಯಲ್ಲಿ, 2025-26ರಿಂದ, ಭಾರತದ ಆದಾಯ 4 ಲಕ್ಷ ರೂ. ದಾಟಿದರೆ ಕಡ್ಡಾಯ. ವರ್ಷದಲ್ಲಿ ಹಿಡಿದ ತೆರಿಗೆ 25,000 ರೂ. ಅಥವಾ ಹೆಚ್ಚಿದ್ದರೂ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೂ ಹಣ ವಾಪಸು ಬೇಕಾದರೆ ಸಲ್ಲಿಸಲೇಬೇಕು. ಕೊನೆಯ ದಿನ ಸಾಮಾನ್ಯವಾಗಿ ಜುಲೈ 31, ತಡವಾದರೆ ಡಿಸೆಂಬರ್ 31ರವರೆಗೆ ಅವಕಾಶ. ಅನಿವಾಸಿಗಳಿಗೆ 'ಸಹಜ್' ನಮೂನೆ ಸಲ್ಲದು.

"12 ಲಕ್ಷದವರೆಗೆ ತೆರಿಗೆ ಇಲ್ವಂತೆ" ಅನ್ನುವ ಮಾತು ಎಲ್ಲರೂ ಕೇಳಿದ್ದೀರಿ. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. 6 ಲಕ್ಷ ಬಾಡಿಗೆ-ಬಡ್ಡಿ ಆದಾಯ ಉಳಿದ ಅನಿವಾಸಿ 10,400 ರೂ. ಕಟ್ಟಬೇಕು. ಅಷ್ಟೇ ಆದಾಯದ ನಿವಾಸಿಗೆ ಏನೂ ಇಲ್ಲ. ತಾವು ಯಾವ ಗುಂಪು ಅಂತ ಸರಿಯಾಗಿ ಬರೆಯದೆ ಸುಲಭದ ದಾರಿ ಹಿಡಿದರೆ ಆಮೇಲೆ ನೋಟೀಸು ಬರುತ್ತದೆ.

6. ಕಾಯಮ್ಮಾಗಿ ಊರಿಗೆ ಬಂದಾಗ

ಕೆಲಸ ಬಿಟ್ಟು ಬಂದ ವರ್ಷ ಇನ್ನೊಂದು ನಿಯಮ ಬರಬಹುದು: ಆ ವರ್ಷ 60 ದಿನ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿ. ಬಹಳ ವರ್ಷ ಹೊರಗಿದ್ದು ಬಂದವರಿಗೆ ಮೊದಲ ಒಂದೆರಡು ವರ್ಷ ಹೊರದೇಶದ ಆದಾಯದ ಮೇಲೆ ವಿನಾಯಿತಿಯೂ ಸಿಗಬಹುದು. ಆಮೇಲೆ ಅಲ್ಲಿಯ ಬ್ಯಾಂಕ್ ಖಾತೆ ಉಳಿಸಿಕೊಂಡಿದ್ದರೆ ಅದನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಆದ್ದರಿಂದ ಆ ವರ್ಷವಾದರೂ ಲೆಕ್ಕ ಪರಿಶೋಧಕರನ್ನು ಕೇಳಿ. ಬ್ಯಾಂಕಿಗೂ ವಾಪಸು ಬಂದದ್ದನ್ನು ತಿಳಿಸಿ.

ನಾವು ಮಾಡಬಹುದಾದ ಕೆಲಸ

• ಸಂಘದ ಲೆಕ್ಕದ ಪುಸ್ತಕದ ಹಾಗೆ ಒಂದು ನೋಟ್‌ಬುಕ್ ಇಡಿ. ಹೋದ ದಿನ, ಬಂದ ದಿನ, ಕಳಿಸಿದ ಹಣ, ಬ್ಯಾಂಕು ಹಿಡಿದ ತೆರಿಗೆ ಬರೆಯಿರಿ.
• ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟಗಳ ನಕಲು ಇಟ್ಟುಕೊಳ್ಳಿ.
• ಹೊರಡುವ ಮೊದಲೇ ಪ್ಯಾನ್ ಕಾರ್ಡ್ ಸರಿಯಿದೆಯೇ ನೋಡಿ. ಆಧಾರ್‌ಗೆ ಸೇರಿಸಿದ ಮೊಬೈಲ್ ನಂಬರ್ ಬಂದ್ ಆಗದಂತೆ ರೀಚಾರ್ಜ್ ಮಾಡಿಸಿ. ರಿಟರ್ನ್ ದೃಢಪಡಿಸಲು ಒಟಿಪಿ ಅದಕ್ಕೇ ಬರುತ್ತದೆ.
• ಪಾಸ್‌ವರ್ಡ್, ಒಟಿಪಿಯನ್ನು ಏಜೆಂಟರಿಗೆ ಕೊಡಬೇಡಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಯಾರ ಮನೆಯವರು ಹೊರದೇಶದಲ್ಲಿದ್ದಾರೆ? ಅವರು ಈ ವರ್ಷ ಎಷ್ಟು ದಿನ ಊರಿನಲ್ಲಿದ್ದರು?
2. ಅವರ ಖಾತೆ ಯಾವ ಬಗೆಯದು ಅಂತ ಮನೆಯಲ್ಲಿರುವವರಿಗೆ ಗೊತ್ತಿದೆಯೇ?
3. ಬ್ಯಾಂಕು ಹಿಡಿದ ತೆರಿಗೆಯನ್ನು ಈ ಜುಲೈ ಒಳಗೆ ಕೇಳಲು ಯಾರು ಯಾರಿಗೆ ಸಹಾಯ ಮಾಡಬಹುದು?

ಮರಳುಗಾಡಿನ ಬಿಸಿಲಲ್ಲಿ ದುಡಿದ ಹಣ ಅದು. ಅದರ ಒಂದು ರೂಪಾಯಿಯೂ ಲೆಕ್ಕ ತಿಳಿಯದೆ ಹೋಗಬಾರದು.