ಬೇರು ಕಿತ್ತು ನೋಡು

ಟ್ರ್ಯಾಕ್ಟರಿನವನಿಗೆ ಫೋನ್ ಮಾಡುವ ಮೊದಲು ನಾಲ್ಕು ಮಾತು ಕೇಳಿಸಿಕೋ, ತಮ್ಮಾ. ಹೋದ ಬೆಳೆಗೆ ನಿನ್ನ ಗದ್ದೆಯಲ್ಲಿ ಕೇಜ್‌ವೀಲ್ ಐದು ಸುತ್ತು ತಿರುಗಿತು. ಬದುವಿನ ಮೇಲೆ ಕೂತು ಎಣಿಸಿದವನು ನಾನು. ಕೆಸರು ಅಂಬಲಿಯ ಹಾಗೆ ಆಗಿತ್ತು. ಕಾಲು ಸಲೀಸಾಗಿ ಇಳಿಯುತ್ತದೆಂದು ನಾಟಿ ಆಳುಗಳು ಹೊಗಳಿದರು, ನೀನೂ ಬೀಗಿದೆ. ಮಣ್ಣಿನೊಳಗೆ ಇದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ.

ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಜೀವಾಣುಗಳಿರುತ್ತವೆ. ಗಾಳಿ ಬೇಕಾದವು ಸಣ್ಣ ಸಣ್ಣ ಹೆಂಟೆಗಳ ಸಂದಿಯಲ್ಲಿ ಮನೆ ಮಾಡಿಕೊಂಡಿರುತ್ತವೆ. ಬೇರಿಗೆ ರಂಜಕ ಹೊತ್ತು ತರುವ ಶಿಲೀಂಧ್ರಗಳು ಜೇಡನ ನೂಲಿನಂತೆ ಹಬ್ಬಿರುತ್ತವೆ. ಕೇಜ್‌ವೀಲ್ ಆ ಹೆಂಟೆಯನ್ನೂ ಒಡೆಯುತ್ತದೆ, ನೂಲನ್ನೂ ಹರಿಯುತ್ತದೆ. ಮೇಲೆ ನೀರು ನಿಂತರೆ ಒಂದೆರಡು ದಿನದಲ್ಲಿ ಒಳಗಿನ ಆಮ್ಲಜನಕ ಖಾಲಿ. ಕೆಸರಿನ ಮೇಲ್ಮೈಯಲ್ಲಿ ಕೆಲವೇ ಮಿಲಿಮೀಟರಿನಷ್ಟು ಪದರ ಉಸಿರಾಡುತ್ತದೆ. ನೀನು ಕೊಳಕು ಎನ್ನುವ ನೀಲಿ ಹಸಿರು ಪಾಚಿ ಬದುಕುವುದೂ ಅಲ್ಲೇ. ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುವುದು ಈ ಪಾಚಿ ಎಂದು ವಿಜ್ಞಾನಿ ಪಿ. ಕೆ. ಡೇ ಅವರು 1939ರಲ್ಲೇ ತೋರಿಸಿದ್ದರು. ಅನುಕೂಲವಿದ್ದರೆ ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 30 ಕಿಲೋ.

ಕೆಸರುಳುಮೆ ದಡ್ಡತನ ಅಂತ ನಾನು ಹೇಳುತ್ತಿಲ್ಲ. ಕಳೆ ಮುಚ್ಚುತ್ತದೆ, ನೀರು ಇಂಗದಂತೆ ಹಿಡಿಯುತ್ತದೆ. ಮರಳು ಮಣ್ಣಿನವರಿಗೆ ಅದಿಲ್ಲದೆ ನಡೆಯುವುದಿಲ್ಲ. ಆದರೆ ನಮ್ಮದು ಭದ್ರಾ ಅಚ್ಚುಕಟ್ಟಿನ ಜಿಗುಟು ಮಣ್ಣು, ತಾನಾಗಿಯೇ ನೀರು ಹಿಡಿಯುತ್ತದೆ. ಎರಡು ಸುತ್ತು, ಮೇಲೊಂದು ಹಲಗೆ ಸಾಕು. ಉಳಿದದ್ದು ಡೀಸೆಲ್ ದಂಡ.

ನಾನು ಕೆಟ್ಟು ಕಲಿತದ್ದನ್ನೂ ಹೇಳುತ್ತೇನೆ. ಒಂದು ವರ್ಷ ಕಂಬೈನ್ ಕೊಯ್ದು ಬಿಟ್ಟ ಹುಲ್ಲು ಗದ್ದೆಯಲ್ಲೇ ಇತ್ತು, ಕಾಲುವೆಗೆ ನೀರು ಬಂದುಬಿಟ್ಟಿತು. ಅವಸರಕ್ಕೆ ಹುಲ್ಲನ್ನು ಕೆಸರಿಗೆ ತುಳಿಸಿ ವಾರದೊಳಗೆ ನಾಟಿ ಮಾಡಿಸಿದೆ. ಹದಿನೈದು ದಿನಕ್ಕೆ ಪೈರು ಅರಿಶಿನ ಬಳಿದಂತಾಯಿತು. ಯೂರಿಯಾ ಎರಚಿದೆ, ಮತ್ತೂ ಎರಚಿದೆ. ಕಾಲಿಟ್ಟಲ್ಲೆಲ್ಲ ಗುಳುಗುಳು ಗುಳ್ಳೆ. ಕೊನೆಗೆ ಒಂದು ಬುಡ ಕಿತ್ತು ನೋಡಿದರೆ ಬೇರು ಇದ್ದಿಲಿನಂತೆ ಕಪ್ಪು, ಕೊಳೆತ ಮೊಟ್ಟೆಯ ನಾತ. ಹುಲ್ಲು ತಿನ್ನುವ ಜೀವಾಣುಗಳು ಪೈರಿನ ಪಾಲಿನ ಸಾರಜನಕವನ್ನೂ ನುಂಗಿದ್ದವು. ಗಾಳಿ ಇಲ್ಲದಲ್ಲಿ ಒಂದು ಗುಂಪು ಗಂಧಕದ ವಿಷಗಾಳಿ ಬಿಡುತ್ತಿತ್ತು, ಇನ್ನೊಂದು ಮೀಥೇನ್. ನೀರು ಬಸಿದು ಗದ್ದೆ ಸಣ್ಣಗೆ ಬಿರುಕು ಬಿಡುವವರೆಗೆ ಕಾದೆ. ಬಿಳಿ ಬೇರು ಮೂಡಿತು. ಇಳುವರಿ ಮಾತ್ರ ಹೋಯಿತು.

ಆರೋಗ್ಯದ ಬೇರು ತುಕ್ಕಿನ ಬಣ್ಣಕ್ಕಿರುತ್ತದೆ, ಎಳೆಯ ತುದಿ ಬೆಳ್ಳಗೆ. ಭತ್ತ ತನ್ನ ದಂಟಿನ ಒಳಗಿನ ಪೊಳ್ಳು ಕೊಳವೆಗಳಲ್ಲಿ ಗಾಳಿಯನ್ನು ಬುಡಕ್ಕೆ ಇಳಿಸುತ್ತದೆ. ಬೇರಿನ ಸುತ್ತ ಮಣ್ಣಿನ ಕಬ್ಬಿಣ ಆ ಗಾಳಿ ತಾಗಿ ತುಕ್ಕಾಗುತ್ತದೆ. ಮೀಥೇನನ್ನು ತಿಂದು ಬದುಕುವ ಜೀವಾಣುಗಳೂ ಅಲ್ಲೇ ಸೇರಿಕೊಳ್ಳುತ್ತವೆ. ವಿಚಿತ್ರ ನೋಡು, ಗದ್ದೆಯಿಂದ ಹೊರಬೀಳುವ ಮೀಥೇನಿನ ಹೆಚ್ಚಿನ ಪಾಲು ಏರಿ ಬರುವುದೂ ಅದೇ ಕೊಳವೆಗಳಲ್ಲಿ.

ಹಾಗಾಗಿ ಕೊಯ್ಲಾದ ಕೂಡಲೇ, ಮಣ್ಣಿನಲ್ಲಿ ಹಸಿ ಇರುವಾಗಲೇ, ಹುಲ್ಲು ಕೂಳೆಯನ್ನು ಮೇಲುಮೇಲೆ ಒಂದು ಸುತ್ತು ಬೆರೆಸಿಬಿಡು. ನಾಟಿಗೆ ತಿಂಗಳು ಮೊದಲೇ ಆಗಬೇಕು. ಗಾಳಿಯಲ್ಲಿ ಕೊಳೆತ ಹುಲ್ಲು ಆಮೇಲೆ ಅಷ್ಟು ಮೀಥೇನ್ ಬಿಡುವುದಿಲ್ಲ. ಬೆಂಕಿ ಮಾತ್ರ ಬೇಡವೇ ಬೇಡ. ಬಿಡುವು ಹೆಚ್ಚಿದ್ದರೆ ಹಸಿರು ಗೊಬ್ಬರಕ್ಕೆ ಡಯಂಚ ಚೆಲ್ಲು, ಹೂ ಬರುವಾಗ ಮಗುಚು. ಉಳುಮೆಯನ್ನೇ ಬಿಡಿ ಎನ್ನುವವರೂ ಇದ್ದಾರೆ. ಮೇಲಿನ ಎರಡು ಇಂಚಿಗೆ ಜೀವ ತುಂಬುವುದು ನಿಜ, ಆದರೆ ಕಳೆ ತಲೆಯೆತ್ತಿ ಕಳೆನಾಶಕದ ಡಬ್ಬಿ ಹಿಡಿಯಬೇಕಾದೀತು. ಅರ್ಧ ಎಕರೆಯಲ್ಲಿ ಮಾಡಿ ನೋಡು, ನಾನೂ ಬರುತ್ತೇನೆ.

ಸದ್ಯಕ್ಕೆ ಇಷ್ಟು ಮಾಡು. ನಾಳೆ ಬೆಳಿಗ್ಗೆ ಕಾಲುವೆ ಕಡೆಯದೊಂದು, ನಡುವಿನದೊಂದು, ಬಸಿ ಬೀಳುವ ಮೂಲೆಯದೊಂದು ಬುಡ ಕೀಳು. ನೀರಲ್ಲಿ ಜಾಲಿಸಿ ಮೂರನ್ನೂ ತಂದು ನಮ್ಮ ಜಗಲಿ ಮೇಲಿಡು. ಕನ್ನಡಕ ಹಾಕಿಕೊಂಡು ಬರುತ್ತೇನೆ.